ಒಂದೇ ಪೆಟ್ಟಿಗೆಯಲ್ಲಿ ಹಳೆ ಸೌಂಡ್ ಚಿಪ್‌ಗಳು: ಪವರ್ ಎಲ್ಲಿಂದ ಕೊಡೋದು?

ನನ್ನ ಟೇಬಲ್ ಡ್ರಾದಲ್ಲಿ ಒಂದು ಸತ್ತ 8580 ಚಿಪ್ ಇದೆ. ಹಳೆ ಕಮೋಡೋರ್ 64 ಕಂಪ್ಯೂಟರಿನ ಸಿಡ್ ಅನ್ನೋ ಸೌಂಡ್ ಚಿಪ್ಪಿನ ಒಂದು ಬಗೆ. ರಾಯಚೂರಿನ ಗೆಳೆಯನದು. ಬಳ್ಳಾರಿಗೆ ಬಸ್ಸಲ್ಲಿ ಬರುವಾಗ ಕಪ್ಪು ಫೋಮ್ ತುಂಡಿಗೆ ಚುಚ್ಚಿ, ಅಂಗಿ ಜೇಬಿನಲ್ಲಿ ಜೋಪಾನವಾಗಿ ತಂದಿದ್ದ. ನನ್ನ ಬೋರ್ಡಿನಲ್ಲಿ ಸಿಡ್‌ನ ಇನ್ನೊಂದು ಬಗೆ, 6581 ಇತ್ತು. ಅದನ್ನು ಕಿತ್ತು ಇದನ್ನು ಕೂರಿಸಿದೆ. ಎರಡಕ್ಕೂ 28 ಕಾಲು, ಜಾಗವೂ ಅದೇ. ಸ್ವಿಚ್ ಹಾಕಿದೆ. ಹೊಗೆ ಬರಲಿಲ್ಲ, ಪಟ್ ಅಂತಲೂ ಅನ್ನಲಿಲ್ಲ. ಸದ್ದೂ ಬರಲಿಲ್ಲ. 6581ಕ್ಕೆ 12 ವೋಲ್ಟ್ ಬೇಕು, 8580ಕ್ಕೆ 9. ಯಾವ ವೋಲ್ಟ್ ಅಂತ ಆರಿಸೋ ಜಂಪರ್ 12ರಲ್ಲೇ ಇತ್ತು. "ಹೋಗ್ಲಿ ಬಿಡಪಾ" ಅಂದ ಅವನು. ಆದರೆ ಆವತ್ತು ಚಹಾ ಕುಡಿಯದೇ ಹೋದ.

ಮನೆಯಲ್ಲೇ ಸಿಂಥಸೈಜರ್ ಕಟ್ಟುವವರು ಚಿಪ್ ಹುಡುಕೋಕೆ ತಿಂಗಳುಗಟ್ಟಲೆ ಅಲೆಯುತ್ತೇವೆ. ಪವರ್ ಸಪ್ಲೈ ವಿಷಯಕ್ಕೆ ಬಂದರೆ ಮನೆಯಲ್ಲಿ ಬಿದ್ದಿರೋ ಯಾವುದೋ ಅಡಾಪ್ಟರ್ ಸಿಕ್ಕಿಸುತ್ತೇವೆ. ಒಂದೇ ಜಾತಿಯ ಚಿಪ್ ಇದ್ದರೆ ಅದೂ ನಡೆಯುತ್ತೆ. ಬೇರೆ ಬೇರೆ ಕಾಲದ, ಬೇರೆ ಬೇರೆ ಕಂಪನಿಯ ಚಿಪ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿದಾಗ ನಡೆಯಲ್ಲ. ನಾನು ಐದು ಥರದ ಸಪ್ಲೈ ಪ್ರಯತ್ನ ಮಾಡಿದ್ದೇನೆ. ಯಾವುದು ಯಾರಿಗೆ ಒಗ್ಗುತ್ತೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಚಿಪ್‌ಗಳ ಹಸಿವು ಎಷ್ಟು

ಹೆಚ್ಚಿನ ಹಳೆ ಚಿಪ್‌ಗಳಿಗೆ 5 ವೋಲ್ಟ್ ಒಂದೇ ಸಾಕು. ಜನರಲ್ ಇನ್‌ಸ್ಟ್ರುಮೆಂಟ್‌ನ ಎವೈ-3-8910, ಅದರ ಯಮಹಾ ತಮ್ಮ ವೈಎಂ2149, ಬಿಬಿಸಿ ಮೈಕ್ರೋದಲ್ಲಿದ್ದ ಎಸ್‌ಎನ್76489, ಆಡ್‌ಲಿಬ್ ಕಾರ್ಡಿನ ವೈಎಂ3812, ಸೆಗಾ ಮೆಗಾ ಡ್ರೈವ್‌ನ ವೈಎಂ2612, ಎಲ್ಲವೂ 5 ವೋಲ್ಟಿನವು. ಗುಂಪಿನಲ್ಲಿ ತಕರಾರು ತೆಗೆಯೋದು ಸಿಡ್ ಮಾತ್ರ. 1982ರಲ್ಲಿ ಬಂದ ಕಮೋಡೋರ್ 64ರ ಒಳಗಿದ್ದ 6581ಕ್ಕೆ 5 ಮತ್ತು 12 ಎರಡೂ ಬೇಕು. ಆಮೇಲೆ ಬಂದ 8580ಕ್ಕೆ 5 ಮತ್ತು 9.

ಡೇಟಾಶೀಟ್ (ಚಿಪ್ ಕಂಪನಿಯ ವಿವರ ಪಟ್ಟಿ) ಪ್ರಕಾರ 6581ರ 12 ವೋಲ್ಟ್ ಅಂದರೆ 11.4ರಿಂದ 12.6ರ ಒಳಗೆ. 5 ವೋಲ್ಟ್ ಅಂದರೆ 4.75ರಿಂದ 5.25. ಈ ಎರಡು ಸಂಖ್ಯೆ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಪದೇ ಪದೇ ಬರುತ್ತವೆ.

ಇನ್ನು ಕರೆಂಟ್. 6581 ಹೆಚ್ಚೆಂದರೆ 5 ವೋಲ್ಟಿನಿಂದ 100 ಮಿಲಿಆಂಪ್, 12ರಿಂದ 40 ಎಳೆಯುತ್ತೆ. ಎವೈ ಒಂದಕ್ಕೆ 75, ಎಸ್‌ಎನ್76489ಕ್ಕೆ 50. ನನ್ನ ಪೆಟ್ಟಿಗೆಯಲ್ಲಿ ಒಂದು ಸಿಡ್, ಎರಡು ಎವೈ, ಒಂದು ಎಸ್‌ಎನ್ ಇವೆ. ವೈಎಂ3812ರಂಥ ಒಂದು ಎಫ್‌ಎಂ ಚಿಪ್ಪಿಗೆ 100, ಇವನ್ನೆಲ್ಲ ನಡೆಸೋ ಮೈಕ್ರೋಕಂಟ್ರೋಲರ್ ಬೋರ್ಡಿಗೆ 50 ಅಂತ ಅಂದಾಜಿಗೆ ಹಿಡಿದೆ. ಕೂಡಿಸಿದರೆ 5 ವೋಲ್ಟಿನಲ್ಲಿ 450 ಮಿಲಿಆಂಪ್. 12 ವೋಲ್ಟಿನಲ್ಲಿ ಜುಜುಬಿ 40. ಅಂದರೆ ಭಾರವೆಲ್ಲ 5 ವೋಲ್ಟ್ ಮೇಲೆ, ನಾಜೂಕೆಲ್ಲ 12ರ ಮೇಲೆ. ಸಪ್ಲೈ ಆರಿಸುವಾಗ ಈ ಲೆಕ್ಕ ಕೈಯಲ್ಲಿರಬೇಕು.

ಇನ್ನೊಂದು ಮಾತು. ಎಲ್ಲ ಚಿಪ್ಪಿಗೂ ಶುದ್ಧ ಕರೆಂಟ್ ಒಂದೇ ಪ್ರಮಾಣದಲ್ಲಿ ಬೇಕಿಲ್ಲ. ವೈಎಂ3812 ತನ್ನ ಸದ್ದನ್ನು ಅಂಕಿಯಾಗಿಯೇ ಹೊರಗೆ ಕಳಿಸುತ್ತೆ. ಅದನ್ನು ಅಲೆಯಾಗಿ ಮಾಡೋದು ಪಕ್ಕದ ವೈಎಂ3014. ಹಾಗಾಗಿ 3014ರ 5 ವೋಲ್ಟ್ ಚೊಕ್ಕ ಇದ್ದರೆ ಆಯಿತು. ಎವೈ ಹಾಗಲ್ಲ. ಅದರ 5 ವೋಲ್ಟಿನಲ್ಲಿ ಏನು ಕೊಳೆ ಇದೆಯೋ ಅದು ನೇರ ಸ್ಪೀಕರಿಗೆ ಬರುತ್ತೆ. ವೈಎಂ2612ಕ್ಕೆ ಅನಲಾಗ್ ಭಾಗದ ಕಾಲು ಬೇರೆ, ಡಿಜಿಟಲ್ ಭಾಗದ ಕಾಲು ಬೇರೆ ಕೊಟ್ಟಿದ್ದಾರೆ. ಎರಡನ್ನೂ ಸುಮ್ನೆ ಒಂದೇ ತಂತಿಗೆ ಕಟ್ಟಬೇಡಿ. ಅನಲಾಗ್ ಕಾಲಿಗೆ ಒಂದು ಫೆರೈಟ್ ಮಣಿ, ಒಂದು ಕೆಪಾಸಿಟರ್ ಹಾಕಿ.

ಮೊಬೈಲ್ ಚಾರ್ಜರ್

ಸಿಡ್ ಇಲ್ಲದ ಪೆಟ್ಟಿಗೆಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಬರೋದೇ 5 ವೋಲ್ಟ್, ವೋಲ್ಟನ್ನು ಇಳಿಸಿ ಒಂದೇ ಮಟ್ಟದಲ್ಲಿ ಹಿಡಿಯೋ ರೆಗ್ಯುಲೇಟರ್ ಕೂಡ ಬೇಡ. ಆದರೆ ಕೇಬಲ್ ನೋಡಿಕೊಳ್ಳಿ. ತೆಳು ಕೇಬಲ್‌ನಲ್ಲಿ ಅರ್ಧ ಓಮ್ ಇದ್ದರೂ ಅರ್ಧ ಆಂಪಿಗೆ ಕಾಲು ವೋಲ್ಟ್ ಹೋಯಿತು. ಚಾರ್ಜರಿನಲ್ಲಿ 5 ಇದ್ದದ್ದು ಚಿಪ್ಪಿನ ಹತ್ತಿರ 4.75. ಗೋಡೆ ಮೇಲಿನ ಸಂಖ್ಯೆ ನೆನಪಿದೆ ಅಲ್ವಾ? ಅಂಚಿಗೆ ಬಂದುಬಿಟ್ಟಿದ್ದೇವೆ.

ಇದರಿಂದಲೇ 12 ವೋಲ್ಟ್ ಮಾಡಬಹುದು. ಎಂಟಿ3608 ಅನ್ನೋ ಪುಟ್ಟ ಬೂಸ್ಟ್ ಬೋರ್ಡ್ ಎಲ್ಲ ಕಡೆ ಸಿಗುತ್ತೆ. ನಾನೂ ಮಾಡಿದೆ. ಸಿಡ್ ಹಾಡಿತು, ಹಿಂದೆ ಒಂದು ಸಣ್ಣ ಸುಯ್ ಅನ್ನೋ ಸದ್ದು ಸೇರಿಸಿ ಹಾಡಿತು. ಆ ಬೋರ್ಡ್ ಕೆಲಸ ಮಾಡೋದು ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ, ನಿಜ. ಆದರೆ 40 ಮಿಲಿಆಂಪಿನಂಥ ಹಗುರ ಲೋಡಿಗೆ ಅದು ಬಿಟ್ಟು ಬಿಟ್ಟು ಕೆಲಸ ಮಾಡುತ್ತೆ. ಆ ಬಿಡುವಿನ ಲಯ ಕಿವಿಯ ವ್ಯಾಪ್ತಿಗೇ ಬಂದು ಕೂರುತ್ತೆ. 14-15ಕ್ಕೆ ಏರಿಸಿ, ಆಮೇಲೆ 7812 ರೆಗ್ಯುಲೇಟರಿನಿಂದ (ಕೊನೆಯ ಎರಡು ಅಂಕಿಯೇ ಅದು ಕೊಡೋ ವೋಲ್ಟ್) ಇಳಿಸಿದರೆ ಸುಧಾರಿಸುತ್ತೆ. ಅಷ್ಟು ಮಾಡುವ ಹೊತ್ತಿಗೆ ಸುಲಭ ಅನ್ನೋ ಕಾರಣವೇ ಹೋಗಿರುತ್ತೆ.

ಪವರ್ ಬ್ಯಾಂಕ್ ಮಾತ್ರ ಒಂದು ಕೈಗಿರಲಿ. ಸಪ್ಲೈ ಅಂತಲ್ಲ, ಪರೀಕ್ಷೆಗೆ. ಪೆಟ್ಟಿಗೆ ಗುಂಯ್ ಅಂತಿದ್ದರೆ ಪವರ್ ಬ್ಯಾಂಕ್ ಹಾಕಿ ನೋಡಿ. ಸದ್ದು ನಿಂತರೆ ತಪ್ಪು ಗೋಡೆ ಕಡೆಯಿಂದ ಬರ್ತಿದೆ. ನಿಲ್ಲದಿದ್ದರೆ ನಿಮ್ಮ ವೈರಿಂಗ್‌ನಲ್ಲೇ ಇದೆ.

ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್

ಎಲ್ಲರ ಮನೆಯಲ್ಲೂ ಒಂದೆರಡು ಇದ್ದೇ ಇರುತ್ತವೆ. ಬಹಳ ಜನ ಶುರು ಮಾಡೋದು ಇಲ್ಲಿಂದಲೇ: 12 ನೇರ ಸಿಡ್‌ಗೆ, ಒಂದು 7805 ಹಾಕಿ 5 ಉಳಿದವಕ್ಕೆ. ಎರಡು ಕಡೆ ಕೈ ಕೊಡುತ್ತೆ.

ಒಂದು, ಬಿಸಿ. 12ರಿಂದ 5ಕ್ಕೆ ಇಳಿಸುವಾಗ 7 ವೋಲ್ಟ್ ಸುಟ್ಟು ಹೋಗಬೇಕು. 450 ಮಿಲಿಆಂಪಿಗೆ ಅದು 3.15 ವಾಟ್. 7805ಕ್ಕೆ ಹೀಟ್‌ಸಿಂಕ್ ಇಲ್ಲದಿದ್ದರೆ ಒಂದು ವಾಟಿಗೆ ಸುಮಾರು 65 ಡಿಗ್ರಿ ಏರುತ್ತೆ. ಒಳಗಿನ ಸಿಲಿಕಾನ್ ತಡೆಯೋದು 125ರ ತನಕ. ಚಳಿ ದೇಶದಲ್ಲಿ ಕೂತು ಬರೆದ ಲೆಕ್ಕದಲ್ಲಿ ಕೋಣೆಯ ಬಿಸಿ 25 ಡಿಗ್ರಿ ಅಂತಿರುತ್ತೆ. ಬಳ್ಳಾರಿಯ ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ ಮುಚ್ಚಿದ ಪೆಟ್ಟಿಗೆ ಒಳಗೆ ಎಷ್ಟಿರುತ್ತೆ ನೀವೇ ಹೇಳಿ. 42 ಅಂತಲೇ ಹಿಡಿದರೂ ಉಳಿಯೋದು 83 ಡಿಗ್ರಿ. ಅಂದರೆ ಹೀಟ್‌ಸಿಂಕ್ ಇಲ್ಲದೆ 1.3 ವಾಟ್ ಕೂಡ ತಡೆಯಲ್ಲ. ನಮಗೆ ಬೇಕಿರೋದು ಅದರ ಎರಡೂವರೆ ಪಟ್ಟು. 7805 ಬುದ್ಧಿವಂತ, ಬಿಸಿ ಜಾಸ್ತಿಯಾದರೆ ತಾನೇ ಕೈ ಬಿಡುತ್ತೆ. ಹಾಡು ಮಧ್ಯದಲ್ಲಿ ನಿಂತು, ಎರಡು ನಿಮಿಷಕ್ಕೆ ಮತ್ತೆ ಶುರುವಾದರೆ ಚಿಪ್ಪನ್ನು ಬೈಯಬೇಡಿ.

ಇನ್ನೊಂದು, 12 ವೋಲ್ಟಿನ ಕೊಳೆ. 12ರಿಂದ 12 ಮಾಡೋಕೆ 7812 ಬರಲ್ಲ. ಅದಕ್ಕೆ ಮೇಲೆ ಎರಡು, ಎರಡೂವರೆ ವೋಲ್ಟ್ ಜಾಸ್ತಿ ಬೇಕು. ಹಾಗಾಗಿ ಅಡಾಪ್ಟರ್ ಏನು ಕೊಡುತ್ತೋ ಅದೇ ಸಿಡ್‌ನ ಫಿಲ್ಟರಿಗೆ ಹೋಗುತ್ತೆ. ಆದರೆ ನಿಮ್ಮದು 8580 ಆಗಿದ್ದರೆ ಈ ಅಡಾಪ್ಟರ್ ಒಳ್ಳೆಯ ಜೋಡಿ. 12ರಿಂದ 7809 ಆರಾಮಾಗಿ 9 ಕೊಡುತ್ತೆ, ಕೊಳೆಯನ್ನೂ ತಡೆಯುತ್ತೆ.

ಹಾಂ, ಹಳೆ ಬ್ಯಾಟರಿ ಎಲಿಮಿನೇಟರ್ ಬಗ್ಗೆ ಒಂದು ಮಾತು. ಟೇಪ್ ರೆಕಾರ್ಡರ್ ಕಾಲದ್ದು, ಮೇಲೆ 12 ಅಂತ ಬರೆದಿರುತ್ತೆ. ಲೋಡ್ ಇಲ್ಲದಾಗ ಮೀಟರ್ ಇಟ್ಟರೆ 16-17 ತೋರಿಸುತ್ತೆ. ಒಳಗೆ ಟ್ರಾನ್ಸ್‌ಫಾರ್ಮರ್, ಡಯೋಡ್, ಒಂದು ಕೆಪಾಸಿಟರ್ ಬಿಟ್ಟರೆ ಏನಿಲ್ಲ. ಅದನ್ನು ನೇರ ಸಿಡ್‌ಗೆ ಕೊಟ್ಟರೆ ನನ್ನ ಡ್ರಾದಲ್ಲಿರೋದಕ್ಕೆ ಜೊತೆ ಸಿಗುತ್ತೆ.

ಕಂಪ್ಯೂಟರ್ ಎಸ್‌ಎಂಪಿಎಸ್

ಹಳೆ ಡೆಸ್ಕ್‌ಟಾಪಿನ ಒಳಗಿನ ಪವರ್ ಸಪ್ಲೈ ಡಬ್ಬಿ. ಹಸಿರು ವೈರನ್ನು ಕಪ್ಪಿಗೆ ಮುಟ್ಟಿಸಿದರೆ ಶುರುವಾಗುತ್ತೆ. ಕೆಂಪು 5, ಹಳದಿ 12, ನೀಲಿ ಮೈನಸ್ 12. ಪುಕ್ಕಟೆ ಸಿಗುತ್ತೆ, ಕರೆಂಟಿಗೆ ಬರವಿಲ್ಲ. ನನಗಂತೂ ಇಷ್ಟವಾಗಲಿಲ್ಲ. ಫ್ಯಾನ್ ಸದ್ದು ಒಂದು. ಕೆಲವು ಹಳೆಯವು ಸಾಕಷ್ಟು ಲೋಡ್ ಇಲ್ಲದಿದ್ದರೆ ವೋಲ್ಟೇಜನ್ನು ಸರಿಯಾಗಿ ಹಿಡಿಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವೈರ್ ಎಲ್ಲೋ ತಾಗಿ ಶಾರ್ಟ್ ಆದರೆ ಅದು ಹತ್ತು ಇಪ್ಪತ್ತು ಆಂಪ್ ಸುರಿದುಬಿಡುತ್ತೆ. ಬೋರ್ಡಿನ ತಾಮ್ರದ ಗೆರೆಯೇ ಫ್ಯೂಸ್ ಆಗುತ್ತೆ. ಬ್ರೆಡ್‌ಬೋರ್ಡಿನಲ್ಲಿ ಒಂದು ಸಂಜೆ ಆಡೋಕೆ ಸರಿ. ಅದಕ್ಕೂ ಒಂದು ಆಂಪ್ ಫ್ಯೂಸ್ ಹಾಕಿಕೊಂಡೇ ಆಡಿ.

ಸುತ್ತಿಸಿದ ಟ್ರಾನ್ಸ್‌ಫಾರ್ಮರ್

ಇದು ನನ್ನ ಮನಸ್ಸಿಗೆ ಹತ್ತಿರವಾದದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಅಂಗಡಿಯಲ್ಲಿ 12-0-12 (ನಡುವಿನ ತಂತಿಯಿಂದ ಎರಡೂ ಕಡೆ 12 ವೋಲ್ಟ್ ಎಸಿ) ಸಿಗುತ್ತೆ. ಎಲ್ಲರೂ 12 ವೋಲ್ಟ್ ಬೇಕು ಅಂದರೆ ಅದನ್ನೇ ತರುತ್ತಾರೆ. ಲೆಕ್ಕ ಹಾಕಿ ನೋಡಿ. 12 ವೋಲ್ಟ್ ಎಸಿ ಅಲೆಯ ತುದಿ ಸುಮಾರು 17 ವೋಲ್ಟ್. ಡಯೋಡಿಗೆ 0.7 ಕೊಟ್ಟರೆ 16.3. 7812ಕ್ಕೆ 14.5 ಸಾಕು, ಸರಿಯಾಗಿಯೇ ಇದೆ ಅನ್ನಿಸುತ್ತೆ. ಆದರೆ ಅದು ಗೋಡೆಯಲ್ಲಿ 230 ಇದ್ದಾಗ. ನಮ್ಮ ಬೀದಿಯಲ್ಲಿ ಬೇಸಿಗೆ ಸಂಜೆ ಕೂಲರ್‌ಗಳೆಲ್ಲ ಶುರುವಾದಾಗ ಮೀಟರ್ 190 ತೋರಿಸಿದ್ದು ನೋಡಿದ್ದೇನೆ. ಆಗ ತುದಿ 14ಕ್ಕೆ ಇಳಿಯುತ್ತೆ, ಡಯೋಡ್ ಕಳೆದು 13.3. 7812 ಕೈ ಬಿಡುತ್ತೆ, 100 ಹರ್ಟ್ಸಿನ ಗುಂಯ್ ಒಳಗೆ ನುಗ್ಗುತ್ತೆ. ನಾವು ಕೇಳದೇ ಇದ್ದರೂ ಹಿಂದೆ ಕೂತು ಬಾರಿಸುವ ಶ್ರುತಿ ಪೆಟ್ಟಿಗೆ! ಅದೂ ನಮ್ಮ ಶ್ರುತಿಗೆ ಸೇರದ್ದು.

ಹಾಗಾಗಿ 12 ಬೇಕಾದರೆ 15-0-15 ತನ್ನಿ. 190ರಲ್ಲೂ ಡಯೋಡ್ ಕಳೆದು 16.8 ಉಳಿಯುತ್ತೆ. ಏರಿಳಿತಕ್ಕೆ ಒಂದು ವೋಲ್ಟ್ ಬಿಟ್ಟರೂ 7812 ನೆಮ್ಮದಿಯಾಗಿರುತ್ತೆ.

ಆದರೆ ಇದೇ 15ರಿಂದ 5 ಮಾಡಬೇಡಿ. 20ರಿಂದ 5ಕ್ಕೆ ಇಳಿಸಿದರೆ ಹತ್ತತ್ತಿರ 7 ವಾಟ್ ಬಿಸಿ. 5ಕ್ಕೆ ಬೇರೆ 9 ವೋಲ್ಟಿನ ಸುತ್ತು ಬೇಕು. ಎರಡೂ ಸೇರಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಸಿಗಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋಣ ಅಂದುಕೊಂಡಿದ್ದೆ. ಆಮೇಲೆ ಪಂಪ್‌ಸೆಟ್ ಮೋಟಾರ್ ಕಟ್ಟುವ ವೈಂಡಿಂಗ್ ಅಂಗಡಿ ನೆನಪಾಯಿತು. ಅಂಗಡಿ ಕಾಕಾ ಮೊದಲು ನನ್ನ ಚೀಟಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಇಷ್ಟು ಸಣ್ಣದಕ್ಕ ಎರಡೆರಡು ಸುತ್ತು ಯಾಕಪಾ?"

"ಕಾಕಾ, ಒಂದು ಸದ್ದಿಗೆ, ಒಂದು ಲೆಕ್ಕಕ್ಕೆ."

"ನಡುವೆ ಪೇಪರ್ ದಪ್ಪ ಹಾಕ್ತೀನಿ. ಇಲ್ಲಂದ್ರ ಲೆಕ್ಕ ಬಂದು ಸದ್ದಿನಾಗ ಬೀಳ್ತದ."

ತಮಾಷೆಗೆ ಹೇಳಿದರೋ ಗೊತ್ತಿದ್ದು ಹೇಳಿದರೋ, ಮಾತಂತೂ ಪೂರ್ತಿ ಸರಿ. ಮೂರು ದಿನಕ್ಕೆ ವಾರ್ನಿಶ್ ವಾಸನೆ ಹೊಡೆಯೋ ಟ್ರಾನ್ಸ್‌ಫಾರ್ಮರ್ ಕೈಗೆ ಬಂತು.

ಇದರಿಂದ ಸಿಗುವ ದೊಡ್ಡ ಲಾಭ ಮೈನಸ್ ವೋಲ್ಟ್. 7912 ಹಾಕಿದರೆ ಮೈನಸ್ 12 ಬಂತು. ಮುಂದೆ ಸಿಇಎಂ3340ಯಂಥ ಅನಲಾಗ್ ಆಸಿಲೇಟರ್ ಚಿಪ್ ಸೇರಿಸುವ ಆಸೆ ಇದ್ದರೆ ಇದು ಬೇಕೇ ಬೇಕು. ಆದರೆ ಅದರ ಮೈನಸ್ ಕಾಲಿಗೆ 12 ನೇರ ಕೊಡಬೇಡಿ. ನಡುವೆ ರೆಸಿಸ್ಟರ್ ಇರಬೇಕು, ಬೆಲೆ ಡೇಟಾಶೀಟಿನಲ್ಲಿದೆ.

ನಷ್ಟಗಳೂ ಇವೆ. ಭಾರ. 230 ವೋಲ್ಟ್ ಕೈಗೆಟಕುವಷ್ಟು ಹತ್ತಿರ, ಅಂದರೆ ಫ್ಯೂಸ್, ಅರ್ತ್, ಮುಚ್ಚಿದ ಡಬ್ಬಿ ಎಲ್ಲ ಕಡ್ಡಾಯ. ಟ್ರಾನ್ಸ್‌ಫಾರ್ಮರ್ ಪಕ್ಕ ಆಡಿಯೋ ವೈರ್ ಹಾದರೆ ಗುಂಯ್ ಗಾಳಿಯಲ್ಲೇ ಹತ್ತಿಕೊಳ್ಳುತ್ತೆ, ಹಾಗಾಗಿ ನಾನು ಅದನ್ನು ಪೆಟ್ಟಿಗೆಯ ಹೊರಗೆ ಬೇರೆ ಡಬ್ಬಿಯಲ್ಲಿ ಇಟ್ಟೆ. ಮನೆಯಲ್ಲಿ ರಿಲೇ ಸ್ಟೆಬಿಲೈಸರ್ ಇದ್ದರೆ ಅದು ಟಕ್ ಅಂದಾಗಲೆಲ್ಲ ಸ್ಪೀಕರ್ ಕೂಡ ಟಕ್ ಅನ್ನುತ್ತೆ. ಕೌಲ್ ಬಜಾರಿನಲ್ಲಿರುವ ನನ್ನ ಇನ್ನೊಬ್ಬ ಗೆಳೆಯನ ಮನೆ ಪಕ್ಕ ಜೀನ್ಸ್ ಹೊಲಿಯೋ ಯೂನಿಟ್ ಇದೆ. ಅಲ್ಲಿ ಮೋಟಾರ್‌ಗಳು ಶುರುವಾಗೋದು ಅವನ ಸ್ಪೀಕರಿನಲ್ಲೇ ಗೊತ್ತಾಗುತ್ತೆ. ಅವನು ರೆಕಾರ್ಡಿಂಗ್ ಇಟ್ಟುಕೊಳ್ಳೋದು ಅವರ ಊಟದ ಹೊತ್ತಿಗೆ.

ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್

ಮನಸ್ಸಿಗೆ ಟ್ರಾನ್ಸ್‌ಫಾರ್ಮರ್ ಹತ್ತಿರವಾದರೂ, ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ. ಲ್ಯಾಪ್‌ಟಾಪ್ ಕೆಟ್ಟು ಮೂಲೆ ಸೇರಿದರೂ ಅಡಾಪ್ಟರ್ ಉಳಿದಿರುತ್ತೆ. 19 ವೋಲ್ಟ್, ಮೂರು ಆಂಪ್ ಚಿಲ್ಲರೆ. ಗೋಡೆಯಲ್ಲಿ 190 ಇರಲಿ 250 ಇರಲಿ, ಅದು ಕೊಡೋದು 19.

19 ಇರೋದೇ ಇದರ ಚಂದ. 7812ಕ್ಕೂ ಸಾಕು, 7809ಕ್ಕೂ ಸಾಕು. ಸಿಡ್ ಎಳೆಯೋದು 40 ಮಿಲಿಆಂಪ್, 7 ವೋಲ್ಟ್ ಸುಟ್ಟರೂ 0.28 ವಾಟ್. ಹೀಟ್‌ಸಿಂಕ್ ಬೇಡ. 5ಕ್ಕೆ ಮಾತ್ರ ಎರಡು ಮೆಟ್ಟಿಲು: ಮೊದಲು ಎಲ್‌ಎಂ2596 ಬಕ್ ಬೋರ್ಡಿನಿಂದ 7.5ಕ್ಕೆ ಇಳಿಸಿ, ಅಲ್ಲಿಂದ 7805. ಸುಡೋದು ಎರಡೂವರೆ ವೋಲ್ಟ್, ಅಂದರೆ 1.1 ವಾಟ್. ಬಳ್ಳಾರಿ ಬೇಸಿಗೆಗೂ ಒಂದು ಸಣ್ಣ ಹೀಟ್‌ಸಿಂಕ್ ಸಾಕು.

ಬಕ್ ಬೋರ್ಡಿನ ಕೊಳೆಯನ್ನು 7805 ಪೂರ್ತಿ ತಡೆಯಲ್ಲ. 100 ಹರ್ಟ್ಸಿಗೆ ಅದು ಗಟ್ಟಿ ಗೋಡೆ, 150 ಕಿಲೋಹರ್ಟ್ಸಿಗೆ ಜರಡಿ. ನಡುವೆ 100 ಮೈಕ್ರೋಹೆನ್ರಿಯ ಒಂದು ಕಾಯಿಲ್, 220 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕಿದೆ. ಸದ್ದಿನ ಹಿಂದಿನ ಮಂಜು ಹೋಯಿತು. ಇನ್ನೊಂದು ಕೆಲಸ, ಮೈಕ್ರೋಕಂಟ್ರೋಲರ್ ಮತ್ತು ಡಿಸ್‌ಪ್ಲೇಗೆ ಒಂದು 7805, ಚಿಪ್‌ಗಳಿಗೆ ಇನ್ನೊಂದು. ಡಿಸ್‌ಪ್ಲೇ ಮಿಣುಕುವ ಲಯ ಎವೈಯಲ್ಲಿ ಕೇಳೋದು ಆಗಲೇ ನಿಂತದ್ದು.

ಮೈನಸ್ ವೋಲ್ಟ್ ಇದರಲ್ಲಿ ಇಲ್ಲ. ಸದ್ದಿನ ಸಿಗ್ನಲ್ ದೊಡ್ಡದು ಮಾಡೋ ಆಪ್‌ಆಂಪ್ ಚಿಪ್‌ಗಳನ್ನು 12ರ ಅರ್ಧ, ಅಂದರೆ 6 ವೋಲ್ಟಿನಲ್ಲಿ ಕೂರಿಸಿ ನಡೆಸಬಹುದು. ಎರಡು ಪಿನ್ನಿನ ಅಡಾಪ್ಟರ್ ಆದರೆ ಪೆಟ್ಟಿಗೆಯ ಲೋಹ ಮುಟ್ಟಿದಾಗ ಕೈ ಜುಂ ಅನ್ನಬಹುದು, ಸ್ಪೀಕರ್ ಗುಂಯ್ ಅನ್ನಬಹುದು. ಮೂರು ಪಿನ್ನಿನದು ತಗೊಳ್ಳಿ, ಮನೆಯ ಅರ್ತಿಂಗ್ ನೋಡಿ. ನಮ್ಮಲ್ಲಿ ಬೇಸಿಗೆಗೆ ನೆಲ ಬಿರುಕು ಬಿಡುತ್ತೆ, ಅರ್ತ್ ಗುಂಡಿಯೂ ಒಣಗುತ್ತೆ. ಏಪ್ರಿಲ್‌ನಲ್ಲಿ ಒಂದು ಸಲ ಎರಡು ಕೊಡ ನೀರು ಹಾಕಿದ ಮೇಲೆ ನನ್ನ ಪೆಟ್ಟಿಗೆಯ ಗುಂಯ್ ಅರ್ಧಕ್ಕರ್ಧ ಇಳಿಯಿತು. ಗಿಡಕ್ಕೆ ಹಾಕೋದು ಬಿಟ್ಟು ಅಲ್ಯಾಕೆ ಸುರೀತಿದ್ದೀಯ ಅಂತ ಅವ್ವ ಕೇಳಿದ್ದು ಬೇರೆ.

ಬ್ಯಾಟರಿ ಮೇಲೆ ನಡೆಸೋದಾದರೆ

ಜಾತ್ರೆ, ನಾಟಕ ಅಂತ ಹೊರಗೆ ಒಯ್ಯುವವರಿಗೆ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಇದೆ. ಇದರಷ್ಟು ಶಾಂತ ಸಪ್ಲೈ ಮತ್ತೊಂದಿಲ್ಲ. ಆದರೆ 12 ಅನ್ನೋದು ಹೆಸರಿಗೆ ಮಾತ್ರ. ತುಂಬಿದಾಗ 12.7, ಚಾರ್ಜರ್ ಹಾಕಿದ್ದರೆ 13.8ರ ಆಸುಪಾಸು, ಖಾಲಿಯಾಗುತ್ತಾ 11.5. ಗೋಡೆ ಮೇಲಿನ 11.4-12.6ಕ್ಕೆ ಇದು ಹೊಂದಲ್ಲ. 7812 ಹಾಕೋಕೂ ಆಗಲ್ಲ. 6581 ಇದ್ದವರಿಗೆ ಬ್ಯಾಟರಿ ತಲೆನೋವು. 8580 ಇದ್ದವರಿಗೆ ಹಬ್ಬ, 7809 ಹಾಕಿದರೆ 11.5ರ ತನಕ 9 ವೋಲ್ಟ್ ಅಲುಗಾಡಲ್ಲ. ಎಲ್‌ಎಂ2940 ರೆಗ್ಯುಲೇಟರಿನ 9 ವೋಲ್ಟಿನದು ಸಿಕ್ಕರೆ ಇನ್ನೂ ಕೆಳಗೂ ನಡೆಯುತ್ತೆ.

ಯಾವ ಸಪ್ಲೈ ಆದರೂ ಬಿಡಬಾರದ್ದು

ಪ್ರತಿ ಚಿಪ್ಪಿನ ಪವರ್ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್. ಒಂದು ಇಂಚು ದೂರ ಅಲ್ಲ, ಪಕ್ಕದಲ್ಲೇ. ಗ್ರೌಂಡ್ ವೈರ್‌ಗಳನ್ನು ಚಿಪ್ಪಿಂದ ಚಿಪ್ಪಿಗೆ ಸರಪಳಿ ಮಾಡದೆ ಎಲ್ಲವನ್ನೂ ಒಂದೇ ಬಿಂದುವಿಗೆ ತನ್ನಿ.

ಮೈಕ್ರೋಕಂಟ್ರೋಲರನ್ನು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿ, ಪೆಟ್ಟಿಗೆಯ ಸ್ವಿಚ್ ಆಫ್ ಇಟ್ಟು ಪ್ರೋಗ್ರಾಂ ಹಾಕುವ ಚಟ ನನಗಿತ್ತು. ಆಗ ಡೇಟಾ ಕಾಲುಗಳ ಮೂಲಕ ಕರೆಂಟ್ ಚಿಪ್ಪಿಗೆ ಹಿಂಬಾಗಿಲಿಂದ ನುಗ್ಗುತ್ತೆ. ಅರ್ಧ ಜೀವದ ಚಿಪ್ ಅಂದರೆ ಅದೇ. ಮೊದಲು ಮೇನ್ ಸ್ವಿಚ್, ಆಮೇಲೆ ಯುಎಸ್‌ಬಿ.

7805 ಕೆಟ್ಟು ಶಾರ್ಟ್ ಆದರೆ ಒಳಗೆ ಬರೋದಷ್ಟೂ ಚಿಪ್ಪಿನ ಮೇಲೆ ಬೀಳುತ್ತೆ. ಕಮೋಡೋರ್ 64ರ ಹಳೆ ಅಡಾಪ್ಟರ್‌ಗಳು ಹೀಗೆಯೇ 5 ವೋಲ್ಟನ್ನು ಮೇಲೇರಿಸಿ ಚಿಪ್‌ಗಳನ್ನು ಕೊಂದಿರೋದು ಎಲ್ಲರಿಗೂ ಗೊತ್ತು. 5 ವೋಲ್ಟ್ ಲೈನಿಗೆ ಒಂದು ಫ್ಯೂಸ್, ಫ್ಯೂಸ್ ದಾಟಿದ ಮೇಲೆ, ಚಿಪ್‌ಗಳ ಕಡೆ, ಗ್ರೌಂಡಿಗೆ ಒಂದು 5.6 ವೋಲ್ಟ್ ಝೀನರ್ ಡಯೋಡ್ ಹಾಕಿ. ಝೀನರ್ ಸಾಯುತ್ತೆ, ಫ್ಯೂಸ್ ಸಾಯುತ್ತೆ. ಎರಡೂ ಇಲ್ಲೇ ಅಂಗಡಿಯಲ್ಲಿ ಸಿಗುತ್ತವೆ. ಸಿಡ್ ಸಿಗಲ್ಲ.

ಇನ್ನು ಆ ಜಂಪರ್. ಕಿತ್ತು ಹಾಕಿದೆ. ಈಗ ನನ್ನ ಬೋರ್ಡಿನಲ್ಲಿ ಎರಡು ಸಾಕೆಟ್ ಇವೆ. ಒಂದಕ್ಕೆ ಕೆಂಪು ಬಣ್ಣ, 7812 ಮತ್ತು 470 ಪಿಕೋಫ್ಯಾರಡ್ ಫಿಲ್ಟರ್ ಕೆಪಾಸಿಟರ್, 6581ಕ್ಕೆ. ಇನ್ನೊಂದಕ್ಕೆ ಹಸಿರು ಬಣ್ಣ, 7809 ಮತ್ತು 22 ನ್ಯಾನೋಫ್ಯಾರಡ್, 8580ಕ್ಕೆ. ಕೆಪಾಸಿಟರ್ ಬೆಲೆ ಕೂಡ ಎರಡಕ್ಕೂ ಬೇರೆ ಅನ್ನೋದನ್ನು ಜಂಪರ್ ಇಟ್ಟವರು ಮರೆಯುತ್ತಾರೆ, ನಾನೂ ಮರೆತಿದ್ದೆ.

ಹೋದ ತಿಂಗಳು ರಾಯಚೂರಿನವ ಮತ್ತೆ ಬಂದಿದ್ದ. ಇನ್ನೊಂದು 8580 ತಂದಿದ್ದ, ಆದರೆ ಜೇಬಿಂದ ತೆಗೆಯಲಿಲ್ಲ. ಮೀಟರ್ ತಾನೇ ಇಸಕೊಂಡು, ಖಾಲಿ ಹಸಿರು ಸಾಕೆಟ್ಟಿಗೆ ಕಡ್ಡಿ ಇಟ್ಟ. 28ನೇ ಕಾಲಿನಲ್ಲಿ 8.97. 25ನೇ ಕಾಲಿನಲ್ಲಿ 5.02. ಎರಡನ್ನೂ ಇನ್ನೊಂದು ಸಲ ನೋಡಿದ. ಆಮೇಲೆ ಚಿಪ್ ಕೈಗೆ ಕೊಟ್ಟು, "ಈಗ ಚಾ ಇಡು" ಅಂದ.